ಕಂಪನಿ ಬಗ್ ಸರಿಮಾಡಲು ತಡಮಾಡಿದಾಗ ನಾವು ಏನು ಮಾಡಬಹುದು

ನನ್ನ ಲ್ಯಾಪ್‌ಟಾಪ್ ಎಚ್ಚರವಾಗುತ್ತಿರಲಿಲ್ಲ. ಮುಚ್ಚಳ ತೆರೆದರೆ ಕೀಬೋರ್ಡ್ ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುವ ಸದ್ದೂ ಬರುತ್ತಿತ್ತು. ಸ್ಕ್ರೀನ್ ಮಾತ್ರ ಕಪ್ಪು. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪವೂ ಮಿಸುಕುತ್ತಿರಲಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುವುದೊಂದೇ ದಾರಿ. ಸೇವ್ ಮಾಡದೆ ಬಿಟ್ಟಿದ್ದ ಕೆಲಸ ಹೋಯ್ತು ಅಂತಲೇ ಲೆಕ್ಕ.

ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ಉತ್ತರ: "ಸರ್, ಒಮ್ಮೆ ವಿಂಡೋಸ್ ರೀಸೆಟ್ ಮಾಡಿ ನೋಡಿ." ಮಾಡಿದೆ. ಎರಡು ದಿನ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಹಾಕಿಕೊಳ್ಳುವುದರಲ್ಲೇ ಕಳೆಯಿತು. ಮೂರನೇ ದಿನ ಮತ್ತೆ ಅದೇ ಕಪ್ಪು ಸ್ಕ್ರೀನ್.

ಕೊನೆಗೆ ಅದನ್ನು ಸರಿಮಾಡುವ ಅಪ್‌ಡೇಟ್ ಬರಲು ಐದು ತಿಂಗಳು ಹಿಡಿಯಿತು. ಮೊದಲ ಮೂರು ತಿಂಗಳು ನಾನು ಮಾಡಿದ್ದು ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ. ಕೋಪದಿಂದ ಉದ್ದುದ್ದ ಇಮೇಲ್ ಬರೆದೆ, ಫೋನಿನಲ್ಲಿ ದನಿ ಎತ್ತಿದೆ, ಏನೂ ಆಗಲಿಲ್ಲ. ಆಮೇಲಿನ ಎರಡು ತಿಂಗಳಲ್ಲಿ ವಿಷಯ ಮುಂದಕ್ಕೆ ಹೋಯಿತು. ಯಾಕೆಂದರೆ ಬಗ್ (ಕಂಪ್ಯೂಟರ್ ಒಳಗಿನ ಇಂಥ ತಪ್ಪು) ಕಂಪನಿಯವರ ಟೇಬಲ್ ಮೇಲೂ ಕಾಣಿಸಿಕೊಳ್ಳುವ ಹಾಗೆ ಬರೆದು ಕೊಡುವುದನ್ನು ಆಗ ಕಲಿತಿದ್ದೆ. ತಮ್ಮ ಕಣ್ಣಿಗೆ ಕಾಣದ ಬಗ್ಗನ್ನು ಯಾವ ಎಂಜಿನಿಯರೂ ಸರಿಮಾಡಲಾರರು. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ತಡ ಯಾಕೆ ಆಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಲ್ಯಾಪ್‌ಟಾಪ್ ಮೇಲೆ ಒಂದೇ ಕಂಪನಿಯ ಹೆಸರಿರುತ್ತದೆ. ಒಳಗೆ ಹಲವರ ಕೆಲಸ ಇರುತ್ತದೆ. ಪ್ರೊಸೆಸರ್ ಇಂಟೆಲ್ ಅಥವಾ ಎಎಂಡಿಯದ್ದು. ವೈಫೈ ಚಿಪ್ ಮತ್ತೊಬ್ಬರದ್ದು. ಆನ್ ಮಾಡಿದ ಕೂಡಲೇ ಓಡುವ ಬಯೋಸ್ ಅನ್ನುವ ಮೂಲ ಪ್ರೋಗ್ರಾಂ ಕೂಡ ಎಷ್ಟೋ ಮಾಡೆಲ್‌ಗಳಲ್ಲಿ ಎಎಂಐ, ಇನ್‌ಸೈಡ್, ಫೀನಿಕ್ಸ್ ಥರದ ಬಯೋಸ್ ಬರೆಯುವ ಕಂಪನಿಗಳಿಂದ ಬಂದದ್ದು. ಅದರ ಮೇಲೆ ಲ್ಯಾಪ್‌ಟಾಪ್ ಕಂಪನಿ ತನಗೆ ಬೇಕಾದ ಬದಲಾವಣೆ ಮಾಡಿಕೊಂಡಿರುತ್ತದೆ. ಹಾಗಾಗಿ ಚಿಪ್ ಮಾಡುವವರು ಇವತ್ತು ತಪ್ಪನ್ನು ತಿದ್ದಿದರೂ ಅದು ಬಯೋಸ್ ಬರೆಯುವವರ ಕೈಗೆ ಹೋಗಿ, ಅಲ್ಲಿಂದ ಲ್ಯಾಪ್‌ಟಾಪ್ ಕಂಪನಿಗೆ ಹೋಗಿ, ಅವರು ಒಂದೊಂದು ಮಾಡೆಲ್ ಮೇಲೂ ಪರೀಕ್ಷೆ ಮಾಡಿ, ಆಮೇಲೆ ನಮಗೆ ಬರಬೇಕು. ಪ್ರತಿ ಕೈಯಲ್ಲೂ ವಾರಗಳು ಕಳೆಯುತ್ತವೆ.

ಅವಸರ ಮಾಡಿದರೂ ಕಷ್ಟವೇ. 2017ರ ನವೆಂಬರ್ 28ರಂದು ಮ್ಯಾಕ್‌ನ ಹೈ ಸಿಯೆರಾದಲ್ಲಿ ಒಂದು ದೊಡ್ಡ ತೂತು ಬಯಲಾಯಿತು. ಯೂಸರ್ ಹೆಸರಿನ ಜಾಗದಲ್ಲಿ 'ರೂಟ್' ಅಂತ ಹಾಕಿ, ಪಾಸ್‌ವರ್ಡ್ ಖಾಲಿ ಬಿಟ್ಟರೂ ಒಳಗೆ ಹೋಗಬಹುದಿತ್ತು. ಆಪಲ್ ಮರುದಿನವೇ ಅಪ್‌ಡೇಟ್ ಬಿಟ್ಟಿತು. ಆದರೆ ಅದನ್ನು ಹಾಕಿಕೊಂಡ ಕೆಲವರ ಫೈಲ್ ಶೇರಿಂಗ್ ಕೆಟ್ಟಿತು, ಅದಕ್ಕೆ ಮತ್ತೊಂದು ಪರಿಹಾರ ಕೊಡಬೇಕಾಯಿತು. ಮನಸ್ಸು ಮಾಡಿದರೆ ಒಂದೇ ದಿನದಲ್ಲೂ ಆಗುತ್ತದೆ, ಸರಿಯಾಗಿ ಪರೀಕ್ಷೆ ಮಾಡದಿದ್ದರೆ ಇನ್ನೇನೋ ಕೆಡುತ್ತದೆ. ಎರಡೂ ನಿಜ.

ಇದನ್ನು ಕಂಪನಿಯ ಪರ ವಾದ ಮಾಡಲು ಹೇಳುತ್ತಿಲ್ಲ. ಕಾಸು ಕೊಟ್ಟು ಕೊಂಡವರಿಗೆ ಕೇಳುವ ಹಕ್ಕು ಖಂಡಿತ ಇದೆ. ಯಾವ ಕೈಯಲ್ಲಿ ಕೆಲಸ ನಿಂತಿದೆ ಅಂತ ಗೊತ್ತಾದರೆ ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ಬ್ಯಾಕಪ್

ಫೋಟೊ, ದಾಖಲೆ, ಮಕ್ಕಳ ಪ್ರಾಜೆಕ್ಟ್, ಎಲ್ಲವನ್ನೂ ಇವತ್ತೇ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಮುಖ್ಯವಾದದ್ದು ಕ್ಲೌಡ್‌ನಲ್ಲೂ ಒಂದು ಪ್ರತಿ ಇರಲಿ. ಪದೇ ಪದೇ ಪವರ್ ಬಟನ್ ಒತ್ತಿ ಆಫ್ ಮಾಡುವ ಕಂಪ್ಯೂಟರ್‌ನಲ್ಲಿ ಫೈಲ್ ಕೆಡುವುದು ಹೊಸದೇನಲ್ಲ. ಸರ್ವಿಸ್ ಸೆಂಟರ್‌ಗೆ ಕೊಟ್ಟರೆ ಡಿಸ್ಕ್ ಅಳಿಸಿ ಕೊಡುವುದೂ ಉಂಟು.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದೆಯಾ ನೋಡಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾವು ಹೇಳದಿದ್ದರೂ ಅದು ಆನ್ ಆಗಿರುತ್ತದೆ. ಅದರ ರಿಕವರಿ ಕೀ 48 ಅಂಕಿಗಳದ್ದು, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ಅದನ್ನು ಈಗಲೇ ಕಾಗದದ ಮೇಲೆ ಬರೆದಿಡಿ. ಬಯೋಸ್ ಅಪ್‌ಡೇಟ್ ಆದಮೇಲೆ ಕಂಪ್ಯೂಟರ್ ಆ ಕೀ ಕೇಳಿದರೆ, ಅದಿಲ್ಲದೆ ನಿಮ್ಮ ಫೈಲ್‌ಗಳಿಗೆ ನೀವೇ ಹೊರಗಿನವರು.

ಇದು ಯಾರ ಬಗ್?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಯುದ್ಧ ಗೆದ್ದಂತೆ. ಇಲ್ಲದಿದ್ದರೆ ಕಂಪ್ಯೂಟರ್ ಕಂಪನಿ "ಇದು ವಿಂಡೋಸ್ ಸಮಸ್ಯೆ" ಅನ್ನುತ್ತದೆ, ವಿಂಡೋಸ್‌ನವರು "ನಿಮ್ಮ ಕಂಪನಿಯನ್ನು ಕೇಳಿ" ಅನ್ನುತ್ತಾರೆ, ನೀವು ನಡುವೆ ಚೆಂಡಿನ ಹಾಗೆ ಅತ್ತಿತ್ತ ಹೋಗುತ್ತೀರಿ.

ಹಾರ್ಡ್‌ವೇರ್ ಕೆಟ್ಟಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಇನ್ನೂ ಆಳವಾಗಿ ನೋಡಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಡಿಸ್ಕ್ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಮ್ಯಾಕ್ ಆದರೆ ಆಪಲ್ ಡಯಾಗ್ನಾಸ್ಟಿಕ್ಸ್ ಓಡಿಸಿ. ಇಲ್ಲಿ ತಪ್ಪು ಸಿಕ್ಕರೆ ಅಪ್‌ಡೇಟ್‌ಗಾಗಿ ಕಾಯುವುದೇ ಬೇಡ, ಭಾಗ ಬದಲಿಸಲು ಕೇಳಿ.

ಆಮೇಲೆ ಸೇಫ್ ಮೋಡ್, ಅಂದರೆ ತೀರ ಬೇಕಾದದ್ದನ್ನು ಮಾತ್ರ ಹಾಕಿಕೊಂಡು ವಿಂಡೋಸ್ ಓಡಿಸುವುದು. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟರೆ ಅದಕ್ಕೆ ಹೋಗುವ ಮೆನು ಬರುತ್ತದೆ. ಸೇಫ್ ಮೋಡ್‌ನಲ್ಲಿ ತೊಂದರೆ ಕಾಣದಿದ್ದರೆ, ನೀವು ಹಾಕಿಕೊಂಡ ಯಾವುದೋ ಪ್ರೋಗ್ರಾಂ ಅಥವಾ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಮೇಲೆ ಅನುಮಾನ ಪಡಬಹುದು. ಹೊಸದೊಂದು ಯೂಸರ್ ಅಕೌಂಟ್ ಮಾಡಿ ಅದರಲ್ಲೂ ನೋಡಿ. ಅಲ್ಲಿ ಸರಿಯಿದ್ದರೆ ನಿಮ್ಮ ಅಕೌಂಟ್‌ನ ಸೆಟ್ಟಿಂಗ್ ಕೆಟ್ಟಿದೆ ಅಷ್ಟೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೇರೊಂದು ಪರೀಕ್ಷೆ. ಉಬುಂಟು ಥರದ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ, ಡಿಸ್ಕ್‌ನಲ್ಲಿರುವ ಯಾವುದನ್ನೂ ಮುಟ್ಟದೆ ಓಡಿಸಬಹುದು. ಶುರುವಿನಲ್ಲಿ ಬರುವ ಪಟ್ಟಿಯಲ್ಲಿ 'ಇನ್‌ಸ್ಟಾಲ್' ಬಿಟ್ಟು 'ಟ್ರೈ' ಆಯ್ಕೆ ಮಾಡಿಕೊಂಡರೆ ಸಾಕು. ಹಾಗೆ ಓಡಿಸಿ, ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿದೆ. ಅಲ್ಲೂ ಅದೇ ಕಪ್ಪು ಸ್ಕ್ರೀನ್! ವಿಂಡೋಸ್ ಇಲ್ಲದಿದ್ದಾಗಲೂ ಅದೇ ತೊಂದರೆ ಬರುತ್ತಿದೆ ಅಂದಮೇಲೆ ವಿಂಡೋಸ್ ಕಡೆ ಬೆರಳು ತೋರಿಸಲು ಆಗುವುದಿಲ್ಲ, ಅಲ್ವಾ? ಬಯೋಸ್ ಇಲ್ಲವೇ ಹಾರ್ಡ್‌ವೇರ್, ಎರಡರಲ್ಲಿ ಒಂದು. ಇದನ್ನು ಬರೆದು ಕಳಿಸಿದ ಮೇಲೆ "ರೀಸೆಟ್ ಮಾಡಿ" ಅನ್ನುವ ಮಾತು ನಿಂತಿತು.

ಬಗ್ಗನ್ನು ಬೇಕೆಂದಾಗ ಬರುವ ಹಾಗೆ ಮಾಡಿ

"ಆಗಾಗ ಹ್ಯಾಂಗ್ ಆಗುತ್ತೆ" ಅನ್ನುವ ದೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದನ್ನು "ಹೀಗೆ ಮಾಡಿದರೆ ಹತ್ತರಲ್ಲಿ ಒಂಬತ್ತು ಸಲ ಹ್ಯಾಂಗ್ ಆಗುತ್ತದೆ" ಅನ್ನುವಲ್ಲಿಗೆ ತರಬೇಕು. ತಾಳ್ಮೆ ಬೇಕಾಗುವುದು ಇಲ್ಲೇ.

ಒಂದು ಸಾದಾ ನೋಟ್‌ಬುಕ್ ಕಂಪ್ಯೂಟರ್ ಪಕ್ಕದಲ್ಲಿ ಇಡಿ. ತೊಂದರೆ ಬಂದಾಗಲೆಲ್ಲ ತಾರೀಕು, ಗಂಟೆ, ನಿಮಿಷ ಬರೆಯಿರಿ. ಚಾರ್ಜರ್ ಸಿಕ್ಕಿಸಿತ್ತಾ, ಹೊರಗಿನ ಮಾನಿಟರ್ ಇತ್ತಾ, ಯಾವ ಪ್ರೋಗ್ರಾಂ ತೆರೆದಿತ್ತು, ಎಷ್ಟು ಹೊತ್ತು ಮಲಗಿತ್ತು, ಅದನ್ನೂ ಬರೆಯಿರಿ. ತೊಂದರೆ *ಬರದ* ದಿನಗಳನ್ನೂ ಬರೆಯಿರಿ. ಇದನ್ನು ಜಾಸ್ತಿ ಜನ ಮಾಡುವುದಿಲ್ಲ, ಆದರೆ ಸುಳಿವು ಸಿಗುವುದು ಹೆಚ್ಚಾಗಿ ಅಲ್ಲೇ.

ನನ್ನ ನೋಟ್‌ಬುಕ್‌ನಲ್ಲಿ ಹದಿನಾಲ್ಕು ಸಾಲು ಆದಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಟ್ಟ ದಿನಗಳಲ್ಲೆಲ್ಲ ನಾನು ಚಾರ್ಜರ್ ಸಿಕ್ಕಿಸಿರುವಾಗಲೇ ಮುಚ್ಚಳ ಮುಚ್ಚಿದ್ದೆ, ಆಮೇಲೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬೇರೆ ಕೋಣೆಗೆ ತಗೊಂಡು ಹೋಗಿದ್ದೆ. ಚಾರ್ಜರ್ ಕಿತ್ತ ಮೇಲೆ ಮುಚ್ಚಳ ಮುಚ್ಚಿದ ದಿನ ಒಂದು ಸಲವೂ ಕೈಕೊಟ್ಟಿರಲಿಲ್ಲ. ಇದು ನಿಜವಾ ಅಂತ ನೋಡಲು ಕೂತು ಹತ್ತು ಸಲ ಅದನ್ನೇ ಮಾಡಿದೆ: ಚಾರ್ಜರ್ ಸಿಕ್ಕಿಸು, ಮುಚ್ಚಳ ಮುಚ್ಚು, ಎರಡು ನಿಮಿಷ ಕಾಯಿ, ಚಾರ್ಜರ್ ಕೀಳು, ಮುಚ್ಚಳ ತೆರೆ. ಒಂಬತ್ತು ಸಲ ಕಪ್ಪು ಸ್ಕ್ರೀನ್. ಉಲ್ಟಾ ಕ್ರಮದಲ್ಲಿ ಹತ್ತು ಸಲ ಮಾಡಿದೆ. ಹತ್ತೂ ಸಲ ಸರಿಯಾಗಿ ಎದ್ದಿತು. ಆ ಹೊತ್ತಿನಲ್ಲಿ ಆದ ಸಮಾಧಾನ ಹೇಳತೀರದು. ಮೂರು ತಿಂಗಳು ಪೀಡಿಸಿದ ಭೂತಕ್ಕೆ ಒಂದು ಹೆಸರು ಸಿಕ್ಕಿತ್ತು.

ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಡ್ರೈವರ್ ಹೊಸದು ಹಾಕಿ, ಸೆಟ್ಟಿಂಗ್ ಬದಲಿಸಿ, ಮೌಸ್ ಕಿತ್ತು, ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಯಾವತ್ತಿಗೂ ತಿಳಿಯುವುದಿಲ್ಲ.

ಹೀಗೆ ಕೂತು ಜಾಡು ಹಿಡಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 1994ರ ಪೆಂಟಿಯಮ್ ಅನ್ನುವ ಇಂಟೆಲ್ ಪ್ರೊಸೆಸರ್‌ನ ಕಥೆಯೇ ಸಾಕು. ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಉತ್ತರ ತಾಳೆಯಾಗಲಿಲ್ಲ. ಅವರು ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತಾ ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ತಪ್ಪು ಚಿಪ್‌ನಲ್ಲೇ ಇದೆ ಅಂತ ಗೊತ್ತಾಗಿ, ಅಕ್ಟೋಬರ್ ಕೊನೆಯಲ್ಲಿ ಇಂಟೆಲ್‌ಗೂ ಬೇರೆಯವರಿಗೂ ತಿಳಿಸಿದರು. ಸ್ವಲ್ಪ ದಿನದಲ್ಲೇ ಯಾರು ಬೇಕಾದರೂ ಮಾಡಿ ನೋಡಬಹುದಾದ ಒಂದು ಭಾಗಾಕಾರ ಎಲ್ಲೆಡೆ ಹರಡಿತು: 4195835 ಅನ್ನು 3145727ರಿಂದ ಭಾಗಿಸಿ. ಸರಿ ಉತ್ತರ 1.33382. ಕೆಟ್ಟ ಪೆಂಟಿಯಮ್ ಕೊಡುತ್ತಿದ್ದದ್ದು 1.33374. ನಿಜವಾಗಿ ತೊಂದರೆ ಆಗುವವರಿಗೆ ಮಾತ್ರ ಬದಲಿಸಿ ಕೊಡುತ್ತೇವೆ ಅನ್ನುತ್ತಿದ್ದ ಇಂಟೆಲ್, ಡಿಸೆಂಬರ್ 20ರಂದು ಕೇಳಿದ ಎಲ್ಲರಿಗೂ ಬದಲಿಸಿ ಕೊಡಲು ಒಪ್ಪಿತು. ಅದಕ್ಕಾಗಿ 47.5 ಕೋಟಿ ಡಾಲರ್ ನಷ್ಟ ಲೆಕ್ಕಕ್ಕೆ ಹಿಡಿಯಬೇಕಾಯಿತು. ಮನೆಯಲ್ಲಿ ಕೂತವರೂ ಒಂದು ನಿಮಿಷದಲ್ಲಿ ತಪ್ಪನ್ನು ಕಣ್ಣಾರೆ ನೋಡಬಹುದಿತ್ತು. ಅದನ್ನು ಅಲ್ಲಗಳೆಯಲು ಯಾರಿಗೂ ಸಾಧ್ಯವಿರಲಿಲ್ಲ.

ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆ

ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಸಿಗುತ್ತದೆ. ದಿನಕ್ಕೊಂದು ಕಂಬದ ಹಾಗೆ ಕಾಣುತ್ತದೆ, ಏನಾದರೂ ಕ್ರ್ಯಾಶ್ ಆದ ದಿನ ಕೆಂಪು ಗುರುತು. ಯಾವ ದಿನ ಯಾವ ಅಪ್‌ಡೇಟ್ ಬಂತು ಅನ್ನುವುದೂ ಅಲ್ಲೇ ಇರುತ್ತದೆ. ಕೆಂಪು ಗುರುತುಗಳು ಒಂದು ಅಪ್‌ಡೇಟ್ ಬಂದ ಮರುದಿನದಿಂದಲೇ ಶುರುವಾಗಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಇನ್ನೂ ವಿವರ ಬೇಕಾದರೆ ಈವೆಂಟ್ ವ್ಯೂವರ್ ಇದೆ. ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಕಂಪ್ಯೂಟರ್ ಹ್ಯಾಂಗ್ ಆಗಿ ಆಫ್ ಮಾಡಿದ ಮೇಲೆ 'ಕರ್ನಲ್ ಪವರ್ 41' ಅನ್ನುವ ಸಾಲು ಕಾಣುತ್ತದೆ. ಅದನ್ನೇ ಕಾರಣ ಅಂದುಕೊಂಡು ಪವರ್ ಸಪ್ಲೈ ಬದಲಿಸಿದವರೂ ಇದ್ದಾರೆ. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಕಾರಣ ಬೇಕಾದರೆ ಅದಕ್ಕಿಂತ ಸ್ವಲ್ಪ ಮುಂಚಿನ ನಿಮಿಷಗಳಲ್ಲಿ ಏನಿದೆ ನೋಡಬೇಕು. ನೋಟ್‌ಬುಕ್‌ನಲ್ಲಿ ನಿಮಿಷ ಬರೆಯಿರಿ ಅಂದದ್ದು ಇದಕ್ಕೇ. ನೀಲಿ ಸ್ಕ್ರೀನ್ ಬರುತ್ತಿದ್ದರೆ ವಿಂಡೋಸ್ ಫೋಲ್ಡರ್ ಒಳಗೆ 'ಮಿನಿಡಂಪ್' ಅನ್ನುವ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಎತ್ತಿಡಿ.

ಮ್ಯಾಕ್‌ನಲ್ಲಿ ಶಿಫ್ಟ್, ಕಂಟ್ರೋಲ್, ಆಪ್ಷನ್, ಕಮಾಂಡ್ ನಾಲ್ಕನ್ನೂ ಒತ್ತಿ ಹಿಡಿದು ಪೂರ್ಣವಿರಾಮದ ಕೀ ಒತ್ತಿದರೆ 'ಸಿಸ್‌ಡಯಾಗ್ನೋಸ್' ಓಡುತ್ತದೆ. ಕೆಲವು ನಿಮಿಷ ಬಿಟ್ಟು ಒಂದು ದೊಡ್ಡ ಫೈಲ್ ಕೊಡುತ್ತದೆ. ತೊಂದರೆ ಬಂದ ಕೂಡಲೇ ಮಾಡಬೇಕು, ಮರುದಿನ ಮಾಡಿದರೆ ಉಪಯೋಗ ಕಡಿಮೆ.

ಈ ಫೈಲ್‌ಗಳಲ್ಲಿ ನಿಮ್ಮ ಹೆಸರು, ಫೈಲ್‌ಗಳ ಹೆಸರು, ವೈಫೈ ಹೆಸರು ಇರಬಹುದು. ಕಂಪನಿಗೆ ಕೊಡಿ, ನಾಲ್ಕು ಜನ ನೋಡುವ ಕಡೆ ಹಾಕಬೇಡಿ. ಸೀರಿಯಲ್ ನಂಬರ್ ವಿಷಯದಲ್ಲೂ ಅಷ್ಟೇ.

ದೂರು ಬರೆಯುವುದು

ನಾನು ಮೊದಲು ಬರೆದದ್ದು ಹೀಗಿತ್ತು:

"ನಿಮ್ಮ ಲ್ಯಾಪ್‌ಟಾಪ್ ತಗೊಂಡು ತಪ್ಪು ಮಾಡಿದೆ. ದಿನಾ ಹ್ಯಾಂಗ್ ಆಗುತ್ತೆ. ಎಷ್ಟು ಸಲ ಹೇಳಿದರೂ ಯಾರೂ ಕೇಳುತ್ತಿಲ್ಲ. ಕೂಡಲೇ ಸರಿಮಾಡಿ."

ಅದರಲ್ಲಿದ್ದ ಪ್ರತಿ ಮಾತೂ ನನ್ನ ಹೊಟ್ಟೆಯುರಿಯಿಂದ ಬಂದದ್ದು. ಆದರೆ ಓದಿದ ಎಂಜಿನಿಯರ್ ಕೈಗೆ ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ. ಎರಡನೇ ಸಲ ಬರೆದದ್ದು ಹೀಗೆ:

"ತಲೆಬರಹ: ಚಾರ್ಜರ್ ಸಿಕ್ಕಿಸಿ ಮಲಗಿಸಿ, ಮಲಗಿರುವಾಗ ಚಾರ್ಜರ್ ಕಿತ್ತರೆ ಎಚ್ಚರವಾಗುವುದಿಲ್ಲ.
ಮಾಡೆಲ್, ಬಯೋಸ್ ವರ್ಷನ್, ವಿಂಡೋಸ್ ವರ್ಷನ್: ...
ಮಾಡುವ ಕ್ರಮ: 1. ಚಾರ್ಜರ್ ಸಿಕ್ಕಿಸಿ. 2. ಮುಚ್ಚಳ ಮುಚ್ಚಿ, ಎರಡು ನಿಮಿಷ ಕಾಯಿರಿ. 3. ಚಾರ್ಜರ್ ಕೀಳಿ. 4. ಮುಚ್ಚಳ ತೆರೆಯಿರಿ.
ಆಗಬೇಕಾದದ್ದು: ಲಾಗಿನ್ ಸ್ಕ್ರೀನ್ ಬರಬೇಕು.
ಆಗುತ್ತಿರುವುದು: ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು, ಕ್ಯಾಪ್ಸ್ ಲಾಕ್ ದೀಪ ಬದಲಾಗುವುದಿಲ್ಲ.
ಎಷ್ಟು ಸಲ: 10ರಲ್ಲಿ 9. ಮೊದಲೇ ಚಾರ್ಜರ್ ಕಿತ್ತು ಮಲಗಿಸಿದರೆ 10ರಲ್ಲಿ 0.
ಈಗಾಗಲೇ ಮಾಡಿ ನೋಡಿದ್ದು: ವಿಂಡೋಸ್ ರೀಸೆಟ್, ಮೆಮೊರಿ ಪರೀಕ್ಷೆ. ಲಿನಕ್ಸ್ ಪೆನ್‌ಡ್ರೈವ್‌ನಲ್ಲೂ ಇದೇ ತೊಂದರೆ.
ಲಗತ್ತು: 40 ಸೆಕೆಂಡಿನ ವೀಡಿಯೊ."

ಬಯೋಸ್ ವರ್ಷನ್ ಸಿಗುವುದು ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ತೆರೆದರೆ. "ಎಲ್ಲ ಲೇಟೆಸ್ಟ್ ಇದೆ" ಅಂತ ಬರೆಯಬೇಡಿ, ವರ್ಷನ್ ನಂಬರನ್ನೇ ಬರೆಯಿರಿ. ಇವತ್ತಿನ ಲೇಟೆಸ್ಟ್ ಮುಂದಿನ ವಾರ ಹಳೆಯದು. ವೀಡಿಯೊದಲ್ಲಿ ಚಾರ್ಜರ್ ಕೀಳುವ ಕೈಯೂ ಸ್ಕ್ರೀನೂ ಒಟ್ಟಿಗೆ ಕಾಣುವ ಹಾಗೆ ಹಿಡಿಯಿರಿ. ಎರಡು ಬೇರೆ ಬೇರೆ ತೊಂದರೆ ಇದ್ದರೆ ಎರಡು ಬೇರೆ ದೂರು ಕೊಡಿ. ಒಂದರಲ್ಲೇ ತುಂಬಿದರೆ ಒಂದನ್ನು ಸರಿಮಾಡಿ ಟಿಕೆಟ್ (ದೂರಿನ ಕಡತ) ಮುಚ್ಚಿಬಿಡುತ್ತಾರೆ.

ಏನು ನಷ್ಟ ಆಗುತ್ತಿದೆ ಅನ್ನುವುದನ್ನು ಒಂದೇ ಸಾಲಿನಲ್ಲಿ, ಶಾಂತವಾಗಿ ಹೇಳಿ. ಇದು ಮುಖ್ಯ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಫೈಲ್‌ಗಳನ್ನೇ ಅಳಿಸಿಹಾಕಿತು, ಮೈಕ್ರೋಸಾಫ್ಟ್ ಅದನ್ನು ವಾಪಸ್ ತೆಗೆದುಕೊಂಡಿತು. ಆ ತೊಂದರೆ ಬಗ್ಗೆ ಅಪ್‌ಡೇಟ್ ಎಲ್ಲರಿಗೂ ಹೋಗುವ ಮೊದಲೇ ಮೈಕ್ರೋಸಾಫ್ಟ್‌ನ ದೂರು ಪೆಟ್ಟಿಗೆಯಾದ ಫೀಡ್‌ಬ್ಯಾಕ್ ಹಬ್‌ನಲ್ಲಿ ದೂರು ಬಂದಿತ್ತು. ರಾಶಿಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಆಮೇಲೆ ತೊಂದರೆ ಎಷ್ಟು ಗಂಭೀರ ಅಂತ ಹೇಳುವ ಆಯ್ಕೆಯನ್ನೂ ಅದರಲ್ಲಿ ಸೇರಿಸಿದರು. 'ಫೈಲ್ ಹೋಗುತ್ತಿದೆ' ಅನ್ನುವ ಎರಡು ಪದ ತಲೆಬರಹದಲ್ಲೇ ಇರಬೇಕು, ಹತ್ತನೇ ಸಾಲಿನಲ್ಲಿದ್ದರೆ ಯಾರೂ ಅಲ್ಲಿವರೆಗೆ ಓದುವುದಿಲ್ಲ.

ಎಲ್ಲಿ ಕೊಡಬೇಕು, ಹೇಗೆ ಬೆನ್ನು ಹತ್ತಬೇಕು

ವಿಂಡೋಸ್‌ನದ್ದೇ ತಪ್ಪು ಅನಿಸಿದರೆ ವಿಂಡೋಸ್ ಕೀ ಜೊತೆ ಎಫ್ ಒತ್ತಿ, ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಅದೇ ದೂರು ಮೊದಲೇ ಇದ್ದರೆ ಹೊಸದು ಬರೆಯುವ ಬದಲು ಅದಕ್ಕೆ ನಿಮ್ಮ ಮತ ಹಾಕಿ, ನಿಮ್ಮ ವಿವರ ಸೇರಿಸಿ. ಆಪಲ್‌ಗೆ ಫೀಡ್‌ಬ್ಯಾಕ್ ಅಸಿಸ್ಟೆಂಟ್. ಲಿನಕ್ಸ್ ಆದರೆ ನಿಮ್ಮ ಡಿಸ್ಟ್ರೋದ (ಉಬುಂಟು ಥರದ ಲಿನಕ್ಸ್ ಬಗೆಯ) ಬಗ್ ಟ್ರ್ಯಾಕರ್.

ಬಯೋಸ್, ಟಚ್‌ಪ್ಯಾಡ್, ಬ್ಯಾಟರಿ, ಫ್ಯಾನ್ ವಿಷಯವಾದರೆ ಕಂಪ್ಯೂಟರ್ ಕಂಪನಿಗೇ ಕೊಡಬೇಕು. ಅವರ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ, ಇಲ್ಲವೇ ಬಾಕ್ಸ್ ಜೊತೆ ಬಂದ ಕಾಗದದ ನಂಬರ್ ಬಳಸಿ. ಸರ್ಚ್ ಮಾಡಿದಾಗ ಮೇಲೆ ಬರುವ ಕಸ್ಟಮರ್ ಕೇರ್ ನಂಬರ್‌ಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಅವರಾಗಿಯೇ ಫೋನ್ ಮಾಡಿ "ನಿಮ್ಮ ಕಂಪ್ಯೂಟರ್ ಒಳಗೆ ಬಂದು ನೋಡುತ್ತೇವೆ" ಅಂದವರಿಗೆ ಯಾವ ಕಾರಣಕ್ಕೂ ಬಿಡಬೇಡಿ.

ಫೋನ್‌ಗಿಂತ ಇಮೇಲ್ ಅಥವಾ ಚಾಟ್ ಒಳ್ಳೆಯದು, ದಾಖಲೆ ಉಳಿಯುತ್ತದೆ. ಫೋನ್ ಮಾಡಲೇಬೇಕಾದರೆ ಟಿಕೆಟ್ ನಂಬರ್ ಬರೆದುಕೊಂಡು, ಆಮೇಲೆ "ಇವತ್ತು ಹೀಗೆ ಮಾತಾಯಿತು" ಅಂತ ಎರಡು ಸಾಲಿನ ಇಮೇಲ್ ಕಳಿಸಿ. ಮೊದಲು ಫೋನ್ ಎತ್ತುವವರು ಮುಂದಿಟ್ಟ ಪಟ್ಟಿ ನೋಡಿ ಮಾತಾಡುತ್ತಾರೆ. ಅವರು ಹೇಳಿದ್ದನ್ನು ಈಗಾಗಲೇ ಮಾಡಿದ್ದೀರಿ ಅಂತ ಒಂದೊಂದಾಗಿ ತೋರಿಸಿ, ನಂತರ ಕೇಳಿ: "ಇದನ್ನು ಮುಂದಿನ ಹಂತದ ತಂಡಕ್ಕೆ ಕಳಿಸಿಕೊಡ್ತೀರಾ ಮೇಡಂ? ಕಳಿಸಿದ ಮೇಲೆ ನಂಬರ್ ಕೊಡಿ." ದನಿ ಏರಿಸಿದಾಗ ಆಗದ ಕೆಲಸ ನನಗೆ ಈ ಒಂದು ಮಾತಿನಿಂದ ಆಯಿತು. ಫೋನ್ ಎತ್ತಿದವರು ಬಗ್ ಮಾಡಿದವರಲ್ಲ, ಪಾಪ. ಅವರು ನಮ್ಮ ಕಡೆ ಆದರೆ ಅರ್ಜಿ ಮೇಲೆ ಹೋಗುತ್ತದೆ.

ಎರಡು ವಾರಕ್ಕೊಮ್ಮೆ ಅದೇ ಟಿಕೆಟ್‌ನಲ್ಲಿ ಕೇಳಿ. ಹೊಸ ಟಿಕೆಟ್ ತೆರೆದರೆ ಮತ್ತೆ ಮೊದಲಿನಿಂದ ಶುರು. ಕೇಳುವಾಗ ಸುಮ್ನೆ "ಏನಾಯ್ತು" ಅನ್ನಬೇಡಿ, ಹೊಸ ಸಂಗತಿ ಒಂದಾದರೂ ಸೇರಿಸಿ: "ಹೊಸ ಬಯೋಸ್‌ನಲ್ಲೂ 10ರಲ್ಲಿ 9 ಸಲ ಬಂತು."

ಸೆಕ್ಯುರಿಟಿ ತೂತು ಸಿಕ್ಕಿದರೆ ಮಾತ್ರ ದಾರಿ ಬೇರೆ. ಅದನ್ನು ಎಲ್ಲೂ ಬಹಿರಂಗ ಹಾಕದೆ ಕಂಪನಿಯ ಸೆಕ್ಯುರಿಟಿ ವಿಭಾಗಕ್ಕೆ ತಿಳಿಸಬೇಕು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇಂಥ ತಪ್ಪು ಹುಡುಕಿದಾಗ ಸರಿಮಾಡಲು ಕಂಪನಿಗೆ 90 ದಿನ ಕೊಡುತ್ತದೆ.

ಕಾಯುವ ದಿನಗಳಲ್ಲಿ ಹೇಗೆ ಸಂಭಾಳಿಸುವುದು

ನಾನು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ 'ಸ್ಲೀಪ್' ಬದಲು 'ಹೈಬರ್ನೇಟ್' (ತೆರೆದಿರುವ ಕೆಲಸವನ್ನು ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುವುದು) ಅಂತ ಮಾಡಿದೆ. ಏಳುವುದು ಸ್ವಲ್ಪ ನಿಧಾನ, ಆದರೆ ಕೆಲಸ ಕಳೆದುಹೋಗುವುದು ನಿಂತಿತು. ಇಂಥ ಸುತ್ತುದಾರಿ ಹೆಚ್ಚಿನ ಬಗ್‌ಗಳಿಗೆ ಸಿಗುತ್ತದೆ.

ತೊಂದರೆ ಒಂದು ಡ್ರೈವರ್ ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಭಾಗದ ಪ್ರಾಪರ್ಟೀಸ್ ತೆರೆದು, ಡ್ರೈವರ್ ಅನ್ನುವ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ತಿಂಗಳ ಅಪ್‌ಡೇಟ್‌ನಿಂದ ಆಗಿದ್ದರೆ ಅಪ್‌ಡೇಟ್ ಹಿಸ್ಟರಿಯಲ್ಲಿ ಅದನ್ನು ತೆಗೆದುಹಾಕಬಹುದು. ವಿಂಡೋಸ್‌ನ ವರ್ಷನ್ನೇ ಬದಲಾಗುವ ದೊಡ್ಡ ಅಪ್‌ಡೇಟ್ ಆದರೆ ರಿಕವರಿಯಲ್ಲಿ 'ಗೋ ಬ್ಯಾಕ್' ಇರುತ್ತದೆ. ಅದು ಸಾಮಾನ್ಯವಾಗಿ ಹತ್ತು ದಿನ ಮಾತ್ರ. ಆ ಹತ್ತು ದಿನದಲ್ಲಿ ಜಾಗ ಖಾಲಿ ಮಾಡುತ್ತೇನೆ ಅಂತ ಹಳೆಯ ವಿಂಡೋಸ್ ಫೈಲ್ ಅಳಿಸಿದರೆ ಹಿಂದೆ ಹೋಗುವ ದಾರಿಯೂ ಹೋಯ್ತು.

ಲಿನಕ್ಸ್‌ನವರಿಗೆ ಈ ವಿಷಯದಲ್ಲಿ ಸುಲಭ. ಶುರುವಾಗುವಾಗ ಬರುವ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಆಯ್ಕೆ ಮಾಡಿಕೊಂಡು ಓಡಿಸಬಹುದು.

ಅಪ್‌ಡೇಟ್‌ಗಳನ್ನು ಪೂರ್ತಿ ನಿಲ್ಲಿಸಿಬಿಡುವುದು ಮಾತ್ರ ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟಂತೆ. ಸೆಕ್ಯುರಿಟಿ ಪ್ಯಾಚ್‌ಗಳೂ ನಿಲ್ಲುತ್ತವೆ. ಅಪ್‌ಡೇಟ್‌ಗಳನ್ನು ಸ್ವಲ್ಪ ಕಾಲ ತಡೆಹಿಡಿಯುವ ವಿಂಡೋಸ್‌ನ 'ಪಾಸ್' (Pause) ಬಟನ್ ಐದು ವಾರ ಕೊಡುತ್ತದೆ, ಬೇಕಾದರೆ ಅಷ್ಟು ಬಳಸಿ. ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಬಗ್ ಸರಿಮಾಡಿದ ಬದಲಾವಣೆ ಎಷ್ಟೋ ಸಲ ಅದಕ್ಕಿಂತ ಮೊದಲೇ, ಹಿಂದಿನ ತಿಂಗಳ ಕೊನೆಗೆ ಬರುವ ಐಚ್ಛಿಕ 'ಪ್ರೀವ್ಯೂ' ಅಪ್‌ಡೇಟ್‌ನಲ್ಲಿ ಇರುತ್ತದೆ. ಅದರ ವಿವರದಲ್ಲಿ ನಿಮ್ಮ ತೊಂದರೆಯ ಹೆಸರಿದ್ದರೆ ಹಾಕಿಕೊಳ್ಳಿ, ಎರಡು ವಾರ ಉಳಿಯುತ್ತದೆ. ಇಲ್ಲದಿದ್ದರೆ ಬಿಡಿ.

ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರ್‌ಗಳನ್ನು ಚಿಪ್ ಕಂಪನಿಯ ಸೈಟ್‌ನಿಂದ ನೇರವಾಗಿ ಹಾಕಿ ನೋಡಬಹುದು, ಅಲ್ಲಿ ಹೊಸದು ಬೇಗ ಬರುತ್ತದೆ. ಟಚ್‌ಪ್ಯಾಡ್, ಸೌಂಡ್, ವಿಶೇಷ ಕೀಗಳ ಡ್ರೈವರ್ ಮಾತ್ರ ಕಂಪ್ಯೂಟರ್ ಕಂಪನಿಯದ್ದೇ ಇರಲಿ. ಅವರು ತಮ್ಮ ಮಾಡೆಲ್‌ಗೆ ತಕ್ಕಂತೆ ಬದಲಿಸಿರುತ್ತಾರೆ. ಡ್ರೈವರ್ ಹುಡುಕಿ ಕೊಡುತ್ತೇವೆ ಅನ್ನುವ ಮೂರನೆಯವರ ಪ್ರೋಗ್ರಾಂಗಳ ಹತ್ತಿರವೂ ಹೋಗಬೇಡಿ.

ವಾರಂಟಿ ಮೇಲೆ ಕಣ್ಣಿರಲಿ

"ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ" ಅನ್ನುವ ಮಾತು ಕೇಳುತ್ತಾ ಕೂತರೆ ವಾರಂಟಿ ಮುಗಿದೇ ಹೋಗುತ್ತದೆ. ಮೊದಲ ದೂರು ಕೊಟ್ಟ ತಾರೀಕು ಬರಹದಲ್ಲಿ ಇರಲಿ. ಮುಗಿಯಲು ಎರಡು ತಿಂಗಳಿದೆ ಅಂದಾಗ ಸ್ಪಷ್ಟವಾಗಿ ಬರೆಯಿರಿ: ಈ ತೊಂದರೆ ಇಂಥ ದಿನದಿಂದ ಇದೆ, ಇಷ್ಟು ಸಲ ಹೇಳಿದ್ದೇನೆ, ಅಪ್‌ಡೇಟ್ ಬರದಿದ್ದರೆ ಬೋರ್ಡ್ ಬದಲಿಸಿ ಕೊಡಿ ಅಥವಾ ವಾರಂಟಿ ಮುಂದುವರಿಸಿ. ಅಂಗಡಿಯ ಬಿಲ್ ಜೋಪಾನ ಮಾಡಿ.

ಕೇಳಿದರೆ ಸಿಗುವುದೂ ಉಂಟು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಆಟ ಆಡುವಾಗ, ಭಾರದ ಕೆಲಸ ಮಾಡುವಾಗ ಕ್ರ್ಯಾಶ್ ಆಗುತ್ತಿದ್ದವು. ಜನ ತಿಂಗಳುಗಟ್ಟಲೆ ದೂರು ಕೊಟ್ಟ ಮೇಲೆ 2024ರ ಜುಲೈನಲ್ಲಿ ಕಂಪನಿ ವೋಲ್ಟೇಜ್ ಜಾಸ್ತಿ ಹೋಗುತ್ತಿದೆ ಅಂತ ಒಪ್ಪಿತು, ಆಗಸ್ಟ್‌ನಲ್ಲಿ ಅದನ್ನು ತಡೆಯುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗೆ ಓಡುವ ಪ್ರೋಗ್ರಾಂ) ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಷ್ಟರಲ್ಲಿ ಕೆಟ್ಟುಹೋಗಿದ್ದ ಚಿಪ್ ಆ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ, ಅದನ್ನು ಬದಲಿಸಲೇಬೇಕು. ಅಪ್‌ಡೇಟ್ ಬಂತು ಅಂತ ಸುಮ್ಮನಾದವರಿಗೆ ಇದು ಗೊತ್ತಾಗದೆ ಹೋಗಬಹುದು.

ಅಪ್‌ಡೇಟ್ ಬಂದ ದಿನ

ನನ್ನದು ಬಯೋಸ್ ಅಪ್‌ಡೇಟ್ ಆಗಿ ಬಂತು. ವಿವರದಲ್ಲಿ ಒಂದೇ ಸಾಲು: ಚಾರ್ಜರ್ ತೆಗೆದಾಗ ಎಚ್ಚರವಾಗದ ತೊಂದರೆ ಸರಿಮಾಡಲಾಗಿದೆ. ಆ ಸಾಲನ್ನು ಎರಡು ಸಲ ಓದಿದೆ.

ಬಯೋಸ್ ಹಾಕುವಾಗ ಚಾರ್ಜರ್ ಸಿಕ್ಕಿಸಿರಬೇಕು, ಬ್ಯಾಟರಿಯೂ ಅರ್ಧಕ್ಕಿಂತ ಜಾಸ್ತಿ ಇರಲಿ. ಬಿಟ್‌ಲಾಕರ್ ಇದ್ದರೆ ಮೊದಲು 'ಸಸ್ಪೆಂಡ್' ಮಾಡಿ. ನಿಮ್ಮ ಮಾಡೆಲ್‌ನದ್ದೇ ಫೈಲ್ ಹೌದಾ ಅಂತ ಅಕ್ಷರ ಅಕ್ಷರ ತಾಳೆ ನೋಡಿ. ನಡುವೆ ಸ್ಕ್ರೀನ್ ಕಪ್ಪಾದರೂ, ಫ್ಯಾನ್ ಜೋರಾದರೂ ಪವರ್ ಬಟನ್ ಮುಟ್ಟಬೇಡಿ. ಕೆಲವು ಮಾಡೆಲ್‌ಗಳಲ್ಲಿ ಹಳೆಯ ಬಯೋಸ್‌ಗೆ ವಾಪಸ್ ಹೋಗಲು ಬಿಡುವುದಿಲ್ಲ, ಹಾಗಾಗಿ ವಿವರ ಓದಿಯೇ ಮುಂದುವರಿಯಿರಿ.

ಆಮೇಲೆ ಹೈಬರ್ನೇಟ್ ಸೆಟ್ಟಿಂಗ್ ಮತ್ತೆ ಸ್ಲೀಪ್‌ಗೆ ತಂದೆ. ಹಳೆಯ ಸುತ್ತುದಾರಿ ಹಾಗೇ ಇದ್ದರೆ ಸರಿಹೋಯಿತಾ ಇಲ್ಲವಾ ತಿಳಿಯುವುದಾದರೂ ಹೇಗೆ? ನಿಲ್ಲಿಸಿದ ಅಪ್‌ಡೇಟ್ ಇದ್ದರೆ ಅದನ್ನೂ ಆಗಲೇ ಶುರುಮಾಡಿ, ಎಷ್ಟೋ ಜನ ಇದನ್ನು ಮರೆಯುತ್ತಾರೆ. ನಂತರ ಅದೇ ನಾಲ್ಕು ಹೆಜ್ಜೆ, ಹತ್ತು ಸಲ. ಚಾರ್ಜರ್ ಸಿಕ್ಕಿಸಿ, ಮುಚ್ಚಳ ಮುಚ್ಚಿ, ಎರಡು ನಿಮಿಷ ಕಾದು, ಚಾರ್ಜರ್ ಕಿತ್ತು, ಮುಚ್ಚಳ ತೆರೆದೆ. ಹತ್ತೂ ಸಲ ಲಾಗಿನ್ ಸ್ಕ್ರೀನ್ ಬಂತು.

ಅದನ್ನು ಅದೇ ಟಿಕೆಟ್‌ನಲ್ಲಿ ಬರೆದೆ: "ಹೊಸ ಬಯೋಸ್‌ನಲ್ಲಿ 10ರಲ್ಲಿ 0. ಸರಿಹೋಗಿದೆ, ಧನ್ಯವಾದ." ಸರಿಹೋಗದಿದ್ದರೂ ಇದೇ ಅಳತೆಯಲ್ಲಿ ಬರೆಯಬೇಕು. ಹತ್ತರಲ್ಲಿ ಒಂಬತ್ತು ಇದ್ದದ್ದು ಮೂರಕ್ಕೆ ಇಳಿದಿದ್ದರೆ ಮೂರು ಅಂತಲೇ ಬರೆಯಿರಿ, ಟಿಕೆಟ್ ಮುಚ್ಚಲು ಒಪ್ಪಬೇಡಿ.